ಗಡಿಪಾರಾದವರು ಕಾಯ್ದ ಗಡಿ

ನವೆಂಬರ್ ಒಂದರಂದು ಬೆಳಗಾವಿಯ ಒಂದು ಬೀದಿಯಲ್ಲಿ ಹಳದಿ-ಕೆಂಪು ಬಾವುಟದ ಮೆರವಣಿಗೆ ಹೊರಟರೆ, ಅದೇ ದಿನ ಇನ್ನೊಂದು ಬೀದಿಯಲ್ಲಿ ಕಪ್ಪು ಬಾವುಟ ಹಿಡಿದವರು ಸೇರುತ್ತಾರೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಹತ್ತಿರವಾಗುತ್ತಿದ್ದಂತೆ ಬಸ್ಸುಗಳಿಗೆ ಮಸಿ ಬಳಿದ, ಗಡಿಯಲ್ಲಿ ಪ್ರಯಾಣಿಕರನ್ನು ಇಳಿಸಿದ ಸುದ್ದಿಗಳು ಬರತೊಡಗುತ್ತವೆ. ಮಹಾರಾಷ್ಟ್ರ ಸರ್ಕಾರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ಎರಡು ದಶಕ ದಾಟಿದರೂ ಇತ್ಯರ್ಥವಾಗಿಲ್ಲ. ಸರ್ಕಾರಿ ಸೇವೆಯಲ್ಲಿದ್ದಾಗ ಈ ವಾರ್ಷಿಕ ಜ್ವರದ ತಾಪವನ್ನು ಹತ್ತಿರದಿಂದ ಅನುಭವಿಸಿದವನು ನಾನು.

ಆದರೆ ಉತ್ತರ ಕನ್ನಡದವನಾದ ನನಗೆ ನವೆಂಬರ್ ಎಂದೊಡನೆ ನೆನಪಾಗುವುದು ಆರನೆಯ ತಾರೀಖು. 1982ರ ಆ ದಿನ ದಿನಕರ ದೇಸಾಯಿಯವರು ತೀರಿಕೊಂಡರು. ನಾಡು ಅವರನ್ನು ಚುಟುಕು ಕವಿಯೆಂದು ಬಲ್ಲದು. ಗಡಿಯಾರವನ್ನು ಕುರಿತ ಅವರ ಶಿಶುಗೀತೆಯನ್ನು ಹಾಡದೆ ಪ್ರಾಥಮಿಕ ಶಾಲೆ ಮುಗಿಸಿದ ನನ್ನ ತಲೆಮಾರಿನವರು ಅಪರೂಪ. ಜಿಲ್ಲೆಯ ಹಿರಿಯರು ಅವರನ್ನು ರೈತರ ನಾಯಕರೆಂದು, ಶಾಲೆಗಳನ್ನು ಕಟ್ಟಿದವರೆಂದು ನೆನೆಯುತ್ತಾರೆ. ಗಡಿ ಪ್ರಶ್ನೆಯೊಡನೆ ಅವರ ಹೆಸರನ್ನು ಜೋಡಿಸಿ ಯೋಚಿಸುವವರು ಮಾತ್ರ ಈಗ ಕಡಿಮೆಯಾಗಿದ್ದಾರೆ. ಕಾರವಾರ ಕರ್ನಾಟಕದಲ್ಲಿ ಉಳಿಯಬೇಕೆಂದು ವಾದಿಸಿದವರಲ್ಲಿ ಅವರು ಪ್ರಮುಖರು. ಆ ವಾದವನ್ನು ಅವರು ಯಾವ ಬಗೆಯ ಬದುಕಿನಿಂದ ಮಂಡಿಸಿದರು ಎಂಬುದು ನನ್ನನ್ನು ಬಹುಕಾಲ ಕಾಡಿದೆ.

ನಾನು ಹುಟ್ಟಿದ್ದು ಅಂಕೋಲೆಯ ಮಗ್ಗುಲಿಗಿರುವ ಕಡಲಂಚಿನ ಕೇಣಿಯಲ್ಲಿ. ಈಚೆಗೆ ಬಂದರು ಯೋಜನೆಯ ಕಾರಣದಿಂದ ಪತ್ರಿಕೆಗಳಲ್ಲಿ ಕಾಣಿಸುವ ಕೇಣಿ ಅದೇ. ನಮ್ಮ ಬಾಲ್ಯದಲ್ಲಿ ಮೀನಿನ ವ್ಯವಹಾರದ ಮಾತು ಬಹುಮಟ್ಟಿಗೆ ಕೊಂಕಣಿ, ಗದ್ದೆಯ ಮಾತು ಕನ್ನಡ, ಭಜನೆಯ ಅಭಂಗಗಳು ಮರಾಠಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ನಾವು ಏನನ್ನೋ ದಾಟುತ್ತಿದ್ದೇವೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ನನಗೆ ಎಂಟು ವರ್ಷವಾಗಿದ್ದಾಗ, 1967ರ ಆರಂಭದಲ್ಲಿ, ಮನೆಯ ಜಗಲಿಯ ಮೇಲೆ ಹಿರಿಯರು ದಿನವೂ ಒಂದೇ ಮಾತಾಡುತ್ತಿದ್ದರು: ಕಾರವಾರ ಆಚೆಗೆ ಹೋದರೆ ಅಂಕೋಲೆಯ ಗತಿ ಏನು ಎಂದು. ಆಚೆ ಎಂದರೆ ಎಲ್ಲಿ ಎಂಬುದು ನನಗೆ ತಿಳಿದಿರಲಿಲ್ಲ. ಕಾರವಾರ ಎದ್ದು ನಡೆದು ಎಲ್ಲಿಗೋ ಹೋಗಿಬಿಡುತ್ತದೆಂದು ನಾನು ನಿಜವಾಗಿಯೂ ಹೆದರಿದ್ದೆ.

ದೇಸಾಯಿಯವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ. ವಿಮಾನ ನಿಲ್ದಾಣಕ್ಕಾಗಿ ಭೂಸ್ವಾಧೀನವೆಂಬ ಸುದ್ದಿಯಲ್ಲಿ ಕಾಣಿಸಿಕೊಂಡ ಹಳ್ಳಿ ಅದು. ತಂದೆ ಶಾಲಾ ಮಾಸ್ತರರು. ಅಂಕೋಲೆ, ಕಾರವಾರ, ಬೆಂಗಳೂರು, ಮೈಸೂರುಗಳಲ್ಲಿ ಓದಿ, ಮೈಸೂರಿನಲ್ಲಿ ಪದವಿ ಪಡೆದು, ಮುಂಬಯಿಗೆ ಹೋಗಿ ಎಂ.ಎ. ಮತ್ತು ಕಾನೂನು ಪದವಿಗಳನ್ನು ಗಳಿಸಿದರು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನ ಇತಿಹಾಸ ಸಂಶೋಧನಾ ಸಂಸ್ಥೆಯ ನಂಟು ಅವರಿಗಿತ್ತು. ಕಲ್ಯಾಣದ ಚಾಲುಕ್ಯರ ಕಾಲದ ಮಹಾಮಂಡಲೇಶ್ವರರನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1951ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಚುಟುಕುಗಳ ಹಾಸ್ಯಗಾರನೆಂದು ಅವರನ್ನು ಬಲ್ಲವರಿಗೆ ಈ ಪುಸ್ತಕ ಅಚ್ಚರಿ ತರಬಹುದು. ಗೋವೆಯ ಕದಂಬರು, ಸವದತ್ತಿಯ ರಟ್ಟರು, ಕೊಲ್ಲಾಪುರದ ಶಿಲಾಹಾರರು ಇವರೆಲ್ಲ ಚಾಲುಕ್ಯರ ಅಂಥ ಮಾಂಡಲಿಕರೇ. ಅವರ ನೆಲ ಇಂದು ಮೂರು ರಾಜ್ಯಗಳಲ್ಲಿ ಹಂಚಿಹೋಗಿದೆ; ಅವರ ಕನ್ನಡ ಶಾಸನಗಳು ಕೊಲ್ಲಾಪುರ, ಸೊಲ್ಲಾಪುರಗಳ ಕಡೆಗೂ ಸಿಗುತ್ತವೆ. ಇಂಥ ಇತಿಹಾಸವನ್ನು ಅಭ್ಯಾಸ ಮಾಡಿದವರಿಗೆ ಗಡಿಯ ವಾದದಲ್ಲಿ ಇತಿಹಾಸ ಎಷ್ಟು ಜಾರುವ ನೆಲವೆಂಬುದು ತಿಳಿದಿರುತ್ತದೆ. ಶಾಸನ ಹಿಡಿದು ಹೊರಟರೆ ಕನ್ನಡಿಗರು ಗೋದಾವರಿಯವರೆಗೆ ಕೇಳಬಹುದು. ಮೋಡಿ ಕಾಗದ ಹಿಡಿದು ಹೊರಟರೆ ಮರಾಠಿಗರು ತಂಜಾವೂರಿನವರೆಗೆ ಕೇಳಬಹುದು.

ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಭಾರತ ಸೇವಕ ಸಮಾಜ. ಗೋಪಾಲ ಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಈ ಸಂಸ್ಥೆಯನ್ನು ಸೇರುವವರು ಏಳು ಪ್ರತಿಜ್ಞೆಗಳನ್ನು ಸ್ವೀಕರಿಸಬೇಕಿತ್ತು. ತನಗಾಗಿ ಹಣ ಸಂಪಾದಿಸುವುದಿಲ್ಲ, ಸಂಸ್ಥೆ ಕೊಟ್ಟಷ್ಟರಲ್ಲಿ ಸಂಸಾರ ಸಾಗಿಸುತ್ತೇನೆ ಎಂಬುದು ಒಂದು. ಜಾತಿ ಮತಗಳ ಭೇದವಿಲ್ಲದೆ ಎಲ್ಲ ಭಾರತೀಯರನ್ನೂ ಸೋದರರೆಂದು ಭಾವಿಸುತ್ತೇನೆ ಎಂಬುದು ಇನ್ನೊಂದು. ಯಾರೊಡನೆಯೂ ವೈಯಕ್ತಿಕ ಜಗಳಕ್ಕೆ ಇಳಿಯುವುದಿಲ್ಲ ಎಂಬುದೂ ಅವುಗಳಲ್ಲಿತ್ತು. ಈ ಕೊನೆಯದು ನನ್ನ ಕುತೂಹಲಕ್ಕೆ ಕಾರಣ. ಜಮೀನ್ದಾರರನ್ನು, ಹಡಗು ಕಂಪನಿಗಳನ್ನು, ಸರ್ಕಾರಗಳನ್ನು, ಕಡೆಗೆ ಒಂದು ನೆರೆಯ ರಾಜ್ಯದ ಕೇಳಿಕೆಯನ್ನೇ ಎದುರಿಸಿದ ಮನುಷ್ಯ ಅಂಥ ಪ್ರತಿಜ್ಞೆಯ ಒಳಗೆ ಬದುಕಬೇಕಾಗಿತ್ತು.

ಮುಂಬಯಿಯಲ್ಲಿ ಅವರು ಎನ್.ಎಂ. ಜೋಶಿಯವರೊಡನೆ ಕಾರ್ಮಿಕರ ಕೆಲಸಕ್ಕೆ ತೊಡಗಿದರು. ಹಡಗಿನ ನೌಕರರ ಸಂಘಟನೆ ಅವರ ಮುಖ್ಯ ಕಾರ್ಯಕ್ಷೇತ್ರವಾಯಿತು. 1938ರಲ್ಲಿ ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತೂ 1940ರಲ್ಲಿ ಹಡಗು ಕಾರ್ಮಿಕರನ್ನು ಕುರಿತೂ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಎರಡನೆಯದರ ಹಿಂದಿನ ಲೋಕ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಪ್ರಿಯವಾದುದು. ಮುಂಬಯಿ ಬಂದರಿನಿಂದ ಹೊರಡುವ ಹಡಗುಗಳಲ್ಲಿ ರತ್ನಾಗಿರಿಯ ಮುಸ್ಲಿಮರು, ಗೋವೆಯ ಕ್ರೈಸ್ತರು ಹೀಗೆ ಕರಾವಳಿಯ ನಾನಾ ಜನ ದುಡಿಯುತ್ತಿದ್ದರು. ಗೋವೆಯವರು ಕಾನೂನಿನ ದೃಷ್ಟಿಯಲ್ಲಿ ಪೋರ್ಚುಗೀಸ್ ಪ್ರಜೆಗಳು, ಉಳಿದವರು ಬ್ರಿಟಿಷ್ ಪ್ರಜೆಗಳು. ನೆಲದ ಮೇಲೆ ಅವರ ನಡುವೆ ಒಂದು ಅಂತರರಾಷ್ಟ್ರೀಯ ಗಡಿಯೇ ಇತ್ತು. ಆದರೆ ಕೆಲಸ ಸಿಗಬೇಕಾದರೆ ಮಧ್ಯವರ್ತಿಗೆ ಲಂಚ ಕೊಡಬೇಕಾದ ಸ್ಥಿತಿ, ತಿಂಗಳುಗಟ್ಟಲೆ ನಿರುದ್ಯೋಗ, ಯುರೋಪಿಯನ್ ನಾವಿಕರಿಗಿಂತ ಎಷ್ಟೋ ಪಾಲು ಕಡಿಮೆ ಸಂಬಳ, ಇವೆಲ್ಲ ಇಬ್ಬರಿಗೂ ಸಮಾನವಾಗಿದ್ದವು. ತಮ್ಮ ಮೂವತ್ತರ ಹರೆಯವನ್ನು ಇಂಥವರ ನಡುವೆ ಕಳೆದ ಮನುಷ್ಯನಿಗೆ ಭಾಷೆಯ ಅಭಿಮಾನ ಉಳಿಯಬಹುದು. ಭಾಷೆಯ ದ್ವೇಷ ಉಳಿಯುವುದು ಕಷ್ಟ.

ಅದೇ ಕಾಲದಲ್ಲಿ ಅವರು ತಮ್ಮ ಜಿಲ್ಲೆಗೂ ಮರಳಿ ಬರತೊಡಗಿದ್ದರು. 1930ರ ಉಪ್ಪಿನ ಸತ್ಯಾಗ್ರಹದಿಂದಲೂ ನಂತರದ ಕರ ನಿರಾಕರಣೆಯಿಂದಲೂ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದಿತ್ತು. ಕರ ನಿರಾಕರಿಸಿದವರ ಹೊಲಗಳು ಜಪ್ತಿಯಾದ ಕಥೆಗಳನ್ನು ಕೇಳಿಯೇ ನಾವು ಬೆಳೆದೆವು. ಆದರೆ ಆ ಹೊಲಗಳನ್ನು ಗೇಣಿಗೆ ಮಾಡಿ ಒಡೆಯನಿಗೆ ಅರ್ಧಕ್ಕೂ ಮಿಕ್ಕಿ ಭತ್ತ ಅಳೆದು ಕೊಡುತ್ತಿದ್ದವರ ಕಥೆಯನ್ನು ಅಷ್ಟಾಗಿ ಹೇಳಿದವರಿಲ್ಲ. ನನ್ನ ಅಜ್ಜ ಅಂಥ ಗೇಣಿದಾರ. 1930ರ ದಶಕದ ಕೊನೆಯಲ್ಲಿ ದೇಸಾಯಿಯವರು ರೈತಕೂಟವನ್ನು ಸಂಘಟಿಸಿದಾಗ ಸಭೆಗಳಿಗೆ ಹೋಗಿ ಬಂದವರಲ್ಲಿ ಅವನೂ ಒಬ್ಬ. ಗೇಣಿ ಇಳಿಸಬೇಕು, ಬಿಟ್ಟಿ ಕೆಲಸ ನಿಲ್ಲಬೇಕು, ಉಳುವವನನ್ನು ಎಬ್ಬಿಸಬಾರದು ಎಂಬ ಬೇಡಿಕೆಗಳು ಇಂದು ಸರಳವಾಗಿ ಕಾಣುತ್ತವೆ. ಒಡೆಯನ ಎದುರು ಮೇಲ್ವಸ್ತ್ರ ಹೊದೆಯಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅವು ಸರಳವಾಗಿರಲಿಲ್ಲ.

1940ರಲ್ಲಿ ಸರ್ಕಾರ ಅವರನ್ನು ಐದು ವರ್ಷಗಳ ಕಾಲ ಜಿಲ್ಲೆಯಿಂದ ಗಡಿಪಾರು ಮಾಡಿತು. ನಾನು ಸೇವೆಯಲ್ಲಿದ್ದಾಗ ಗಡಿಪಾರಿನ ಕಡತಗಳನ್ನು ನೋಡಿದ್ದೇನೆ. ಸಾಮಾನ್ಯವಾಗಿ ಅದು ರೌಡಿಗಳಿಗೆ ಹಾಕುವ ಶಿಕ್ಷೆ; ಒಂದು ಜಿಲ್ಲೆಯ ಎಲ್ಲೆ ದಾಟಿ ಹೋಗು ಎಂದು ಹೇಳುವ ಒಂದು ಹಾಳೆಯ ಆದೇಶ. ಆ ಎಲ್ಲೆಯೊಳಗೆ ಒಬ್ಬನ ಹುಟ್ಟೂರು, ಬಂಧುಗಳು, ಅವನು ಬಲ್ಲ ಗದ್ದೆ ಹಳ್ಳಗಳೆಲ್ಲ ಇರುತ್ತವೆಂಬುದು ಆದೇಶದಲ್ಲಿ ಬರುವುದಿಲ್ಲ. ಗಡಿ ಎಂಬ ಪದದ ಆಡಳಿತಾತ್ಮಕ ಅರ್ಥ ಏನೆಂಬುದನ್ನು ದೇಸಾಯಿಯವರು ತಮ್ಮ ಮೈಮೇಲೆ ಕಲಿತರು. ಅವರ ಗೇಣಿದಾರರು ಅಂತಿಮವಾಗಿ ಒಡೆಯರಾದದ್ದು 1974ರ ಭೂಸುಧಾರಣೆಯಿಂದ. ನಮ್ಮ ಮನೆಗೂ ಒಂದೂಕಾಲು ಎಕರೆ ಬಂತು. ಅದನ್ನು ನೋಡಲು ಅಜ್ಜ ಉಳಿದಿರಲಿಲ್ಲ.

ಈಗ ಆ ಗಡಿಯ ವಿಷಯಕ್ಕೆ ಬರೋಣ. ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ್ದು ಭಾಷೆಯ ಕಾರಣಕ್ಕಲ್ಲ. 1799ರ ನಂತರ ಇಡೀ ಕೆನರಾ ಮದರಾಸು ಪ್ರಾಂತದಲ್ಲಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ, ಧಾರವಾಡದ ಹತ್ತಿಯನ್ನು ಹಡಗಿಗೇರಿಸಲು ಕಾರವಾರದಂಥ ಬಂದರು ಬೇಕಾಯಿತು. ಹತ್ತಿ ಬೆಳೆಯುವ ನೆಲ ಮುಂಬಯಿ ಪ್ರಾಂತದಲ್ಲಿ, ಬಂದರು ಮದರಾಸಿನಲ್ಲಿ. ವರ್ತಕರು ಒತ್ತಾಯಿಸಿದರು, 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ವರ್ಗಾಯಿಸಲಾಯಿತು. ಹೀಗೆ ಒಂದು ಜಿಲ್ಲೆಯ ಹಣೆಬರಹವನ್ನು ಹತ್ತಿಯ ಅಂಡಿಗೆಗಳು ಬರೆದವು. ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಇಳಿಯಿತು. 1880ರ ದಶಕದಲ್ಲಿ ಮುರ್ಮಗೋವೆಗೆ ರೈಲು ಬಂದ ಮೇಲೆ ಕಾರವಾರ ಬಂದರಿನ ಆಸೆಯೂ ಬಾಡಿತು. ಗಡಿ ಮಾತ್ರ ಉಳಿಯಿತು. (ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಇನ್ನೂ ಬಂದಿಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ನನ್ನ ಊರಿನವರು ನನ್ನನ್ನು ಕ್ಷಮಿಸಲಾರರು.)

ಸುಮಾರು 94 ವರ್ಷ ಮುಂಬಯಿಯ ಆಡಳಿತದಲ್ಲಿದ್ದ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಆ ಅವಧಿಯಲ್ಲಿ ಕಾರವಾರದ ಕಡೆ ಮರಾಠಿ ಶಾಲೆಗಳು ಬೆಳೆದಿದ್ದವು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ, ಹೊಟ್ಟೆಪಾಡಿಗೆ ಮುಂಬಯಿ ಎಂಬುದು ಎಷ್ಟೋ ಕುಟುಂಬಗಳ ಕ್ರಮವಾಗಿತ್ತು. ಅಂಥವರಿಗೆ ಬೆಂಗಳೂರು ನಿಜವಾಗಿಯೂ ದೂರದ ಊರು. ಅವರಲ್ಲಿ ಹಲವರು ಮಹಾರಾಷ್ಟ್ರವನ್ನು ಬಯಸಿದ್ದರಲ್ಲಿ ದ್ರೋಹವೇನೂ ಇರಲಿಲ್ಲ ಎಂದು ನಾನು ಭಾವಿಸುತ್ತೇನೆ. ಮಹಾರಾಷ್ಟ್ರ 814 ಗ್ರಾಮಗಳೊಡನೆ ಬೆಳಗಾವಿ, ನಿಪ್ಪಾಣಿ, ಕಾರವಾರಗಳನ್ನೂ ಕೇಳಿತು. ಬೆಳಗಾವಿಯ ಮಟ್ಟಿಗೆ ಆ ವಾದ ಮರಾಠಿ ಮಾತಾಡುವವರ ಸಂಖ್ಯೆಯನ್ನು ಆಧರಿಸಿತ್ತು. ಕಾರವಾರ, ಸೂಪಾ, ಹಳಿಯಾಳಗಳ ಮಟ್ಟಿಗೆ ವಾದ ನಿಲ್ಲಬೇಕಾದರೆ ಕೊಂಕಣಿ ಎಂಬುದು ಮರಾಠಿಯ ಉಪಭಾಷೆಯೆಂದು ಒಪ್ಪಬೇಕಾಗಿತ್ತು. ಇಡೀ ಪ್ರಶ್ನೆ ಅಲ್ಲಿ ನಿಂತಿತ್ತು.

ಸೇನಾಪತಿ ಬಾಪಟರು ಉಪವಾಸ ಕೂತ ಬಳಿಕ, 1966ರ ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. ಮುಂದಿನ ಹತ್ತು ತಿಂಗಳು ನಮ್ಮ ಕರಾವಳಿಯ ಪಾಲಿಗೆ ಅಸಾಧಾರಣವಾದವು. 1967ರ ಜನವರಿ 16ರಂದು, ಕಾರವಾರದ ಸೆರಗಿನಲ್ಲೇ ಇರುವ ಗೋವೆಯಲ್ಲಿ ಜನಮತ ನಡೆದು ಅಲ್ಲಿನವರು ಮಹಾರಾಷ್ಟ್ರದೊಡನೆ ವಿಲೀನವನ್ನು ತಿರಸ್ಕರಿಸಿದರು. ಕೊಂಕಣಿ ಮಾತಾಡುವವರೇ ತಾವು ಮರಾಠಿಯ ಒಂದು ಕೊಂಬೆಯಲ್ಲವೆಂದು ಮತದ ಮೂಲಕ ಹೇಳಿದಂತಾಯಿತು. ಅದಾದ ಒಂದು ತಿಂಗಳಿಗೆ ಲೋಕಸಭಾ ಚುನಾವಣೆ. 1952ರಿಂದ ಮೂರು ಅವಧಿಗೆ ಕಾಂಗ್ರೆಸ್ಸಿನ ಜೋಕಿಂ ಆಳ್ವರನ್ನು ಆರಿಸಿದ್ದ ಕೆನರಾ ಕ್ಷೇತ್ರ, ಪಕ್ಷವಿಲ್ಲದ ದಿನಕರ ದೇಸಾಯಿಯವರನ್ನು ದಿಲ್ಲಿಗೆ ಕಳಿಸಿತು. ನಮ್ಮ ಜಗಲಿಯ ಮಾತು ಆಗ ತುಸು ಹಗುರಾಯಿತೆಂದು ನನ್ನ ಮಸುಕು ನೆನಪು. ಆಗಸ್ಟಿನಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ನಿಪ್ಪಾಣಿ, ಖಾನಾಪುರದ ನಂದಗಡ ಸೇರಿದಂತೆ 264 ಗ್ರಾಮಗಳು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ 247 ಗ್ರಾಮಗಳು ಮೈಸೂರಿಗೆ. ಬೆಳಗಾವಿ ನಗರ ಇದ್ದಲ್ಲೇ ಇರಲಿ. ಕಾರವಾರದ ಮೇಲಿನ ಕೇಳಿಕೆಗೆ ಆಧಾರವಿಲ್ಲ. ಕೇರಳದ ಕಡೆ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಬೇಕೆಂದೂ ಹೇಳಿತು. ಮಹಾರಾಷ್ಟ್ರ ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. ವರದಿ ಜಾರಿಯಾಗದೆ ಉಳಿಯಿತು.

ಈ ತೇದಿಗಳನ್ನು ಜೋಡಿಸುತ್ತ ಹೋದಾಗ ಒಂದು ಸಂಗತಿ ನನಗೆ ಹೊಳೆದದ್ದು ಬಹಳ ತಡವಾಗಿ, ನಿವೃತ್ತನಾದ ಮೇಲೆ. ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಉದ್ದಕ್ಕೂ ಪ್ರೌಢಶಾಲೆಗಳನ್ನು ತೆರೆದರು. ಪ್ರೌಢಶಾಲೆ ಎಂದರೆ ಕಾರವಾರ, ಕುಮಟೆ, ಸಿರಸಿಗಳಂಥ ಪೇಟೆಗಳ ಮಾತಾಗಿದ್ದ ಜಿಲ್ಲೆಯಲ್ಲಿ ಗೇಣಿದಾರರ, ಮೀನುಗಾರರ ಮಕ್ಕಳು ಎಂಟನೆಯ ತರಗತಿಗೆ ಕಾಲಿಟ್ಟದ್ದು ಇದರಿಂದ. ಹೊಸದಾಗಿ ಕಾಗದದ ಕಾರ್ಖಾನೆ ಬಂದು ಹಲವು ಭಾಷೆಯ ಕಾರ್ಮಿಕರು ಸೇರಿದ ದಾಂಡೇಲಿಯಲ್ಲೂ ಜನತಾ ವಿದ್ಯಾಲಯ ಬಂತು. ಜನಸೇವಕ ಎಂಬ ವಾರಪತ್ರಿಕೆಯನ್ನೂ ಅವರು ನಡೆಸಿದರು. 1966ರಲ್ಲಿ ಅಂಕೋಲೆಗೆ ಮೊದಲ ಕಾಲೇಜು ಬಂದಾಗ ಅದಕ್ಕೆ ಅವರು ಇಟ್ಟ ಹೆಸರು ಗೋಖಲೆ ಸೆಂಟಿನರಿ ಕಾಲೇಜು.

1966 ಗೋಖಲೆಯವರ ಜನ್ಮಶತಮಾನದ ವರ್ಷ, ನಿಜ. ಸೇವಕ ಸಮಾಜದ ಸದಸ್ಯರು ತಮ್ಮ ಸಂಸ್ಥಾಪಕರನ್ನು ನೆನೆದದ್ದರಲ್ಲಿ ವಿಶೇಷವಿಲ್ಲವೆಂದೂ ಹೇಳಬಹುದು. ಆದರೆ ಅದು ಮಹಾಜನ ಆಯೋಗದ ವರ್ಷವೂ ಹೌದು. ಗಡಿಯ ಎರಡೂ ಬದಿ ಮನಸ್ಸುಗಳು ಕುದಿಯುತ್ತಿದ್ದಾಗ, ಕಾರವಾರ ಕನ್ನಡ ನಾಡಿನಲ್ಲೇ ಉಳಿಯಬೇಕೆಂದು ಹೋರಾಡುತ್ತಿದ್ದ ನಾಯಕರು, ವಿವಾದದ ನೆಲದಿಂದ ಕೂಗಳತೆಯ ದೂರದಲ್ಲಿ, ಕನ್ನಡ ರೈತರ ಮಕ್ಕಳಿಗಾಗಿ ಕಟ್ಟಿದ ಕಾಲೇಜಿಗೆ ರತ್ನಾಗಿರಿ ಜಿಲ್ಲೆಯ ಕೋತಳೂಕಿನಲ್ಲಿ ಹುಟ್ಟಿದ ಮರಾಠಿ ಮನುಷ್ಯನ ಹೆಸರಿಟ್ಟರು. ಮಯೂರವರ್ಮನ ಹೆಸರಿಡಬಹುದಿತ್ತು, ಪುಲಕೇಶಿಯ ಹೆಸರಿಡಬಹುದಿತ್ತು. ಚಾಲುಕ್ಯರ ಇತಿಹಾಸ ಬರೆದವರಿಗೆ ಹೆಸರುಗಳ ಕೊರತೆ ಇರಲಿಲ್ಲ. ಇಂದು ಹಾಗೆ ಮಾಡುವ ರಾಜಕಾರಣಿಯನ್ನು ನಾನು ಕಲ್ಪಿಸಿಕೊಳ್ಳಲಾರೆ. ಮಾಡಿದರೆ ಮರುದಿನ ಫಲಕದ ಗತಿ ಏನಾಗುತ್ತದೆಂದು ಊಹಿಸಬಲ್ಲೆ.

ಆ ಕಾಲೇಜಿನಲ್ಲೇ ನಾನು ಬಿ.ಎ. ಓದಿದ್ದು, 1970ರ ದಶಕದ ಕೊನೆಯಲ್ಲಿ. ಗೋಖಲೆ ಯಾರೆಂಬುದು ನಮಗೆ ಪರೀಕ್ಷೆಗೆ ಬೇಕಾದಷ್ಟೇ ಗೊತ್ತಿತ್ತು. ದೇಸಾಯಿಯವರನ್ನು ದೂರದಿಂದ ಕಂಡದ್ದುಂಟು. ಹತ್ತಿರ ಹೋಗಿ ಮಾತಾಡಿಸುವ ಧೈರ್ಯವಾಗಲಿಲ್ಲ. ಆಗಲೇ ಸಂಸತ್ತಿನ ಕಾಲ ಮುಗಿದಿತ್ತು. 1971ರ ಇಂದಿರಾ ಗಾಂಧಿಯವರ ಅಲೆಯಲ್ಲಿ ಕ್ಷೇತ್ರ ಕಾಂಗ್ರೆಸ್ಸಿಗೆ ಮರಳಿತ್ತು. ಪತ್ರಿಕೆಗಳಲ್ಲಿ ಬರುತ್ತಿದ್ದ ನಾಲ್ಕು ಸಾಲಿನ ಚುಟುಕುಗಳಿಂದ ಅವರು ನಮಗೆ ಹೆಚ್ಚು ಪರಿಚಿತರಾಗಿದ್ದರು. ಅವುಗಳಲ್ಲಿ ಚುಚ್ಚಿಸಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ನಮ್ಮವರೇ: ನಮ್ಮ ಮಂತ್ರಿ, ನಮ್ಮ ಲಂಚಕೋರ, ನಮ್ಮ ವೇದಿಕೆಯ ದೇಶಭಕ್ತ.

ಇಷ್ಟು ಬರೆದ ಮೇಲೆ ನನ್ನ ಒಂದು ತಪ್ಪನ್ನು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಸೇವೆಗೆ ಸೇರಿದ ಕೆಲವು ವರ್ಷಗಳಲ್ಲಿ ನನ್ನನ್ನು ಗಡಿಯ ಒಂದು ತಾಲ್ಲೂಕಿಗೆ ಹಾಕಿದರು. 1986ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಕಡ್ಡಾಯದ ವಿಷಯವಾಗಿ ಬೆಳಗಾವಿ ಸೀಮೆಯಲ್ಲಿ ಗಲಭೆಗಳಾಗಿ ಜೀವಗಳು ಹೋಗಿದ್ದವು. ಗಾಳಿಯಲ್ಲಿ ಇನ್ನೂ ಬಿಸಿ ಇತ್ತು, ನನ್ನಲ್ಲೂ ಇತ್ತು. ಒಂದು ದಿನ ಮುದುಕನೊಬ್ಬ ಬಂದು ಸಾಹೇಬರೇ ಎಂದು ಕೈಮುಗಿದು ಒಂದು ಅರ್ಜಿ ಕೊಟ್ಟ. ಅಣ್ಣನ ಮಕ್ಕಳು ಪಹಣಿಯಲ್ಲಿ ತಮ್ಮ ಹೆಸರು ಏರಿಸಲು ಹೊರಟಿದ್ದಾರೆ, ಅದಕ್ಕೆ ತನ್ನ ತಕರಾರಿದೆ ಎಂಬುದು ಅವನ ಅಳಲು. ಅರ್ಜಿ ಮರಾಠಿಯಲ್ಲಿತ್ತು. ನನಗೆ ಮರಾಠಿ ಓದಲು ಬರುತ್ತಿತ್ತು. ಕೇಣಿಯ ಭಜನೆಯಿಂದ ಬಂದ ವಿದ್ಯೆ ಅದು. ಆದರೂ ನಾನು ಅದನ್ನು ಹಿಂದಕ್ಕೆ ತಳ್ಳಿ, ಕನ್ನಡದಲ್ಲಿ ಬರೆಸಿಕೊಂಡು ಬಾ ಎಂದೆ. ನನ್ನ ಎದುರು ನಿಂತಿದ್ದ ಶಿರಸ್ತೇದಾರರ ಮುಖದಲ್ಲಿ ಮೆಚ್ಚುಗೆ ಕಂಡೆ. ಅದು ನನಗೆ ಬೇಕಾಗಿತ್ತು ಕೂಡ. ಮುದುಕ ಅರ್ಜಿ ಬರೆಯುವವನನ್ನು ಹುಡುಕಿ, ಹಣ ಹೊಂದಿಸಿ ಮತ್ತೆ ಬರುವಷ್ಟರಲ್ಲಿ ತಕರಾರಿನ ಅವಧಿ ಮೀರಿತ್ತು. ನೋಂದಣಿ ಮಂಜೂರಾಗಿತ್ತು. ಮೇಲ್ಮನವಿ ಸಲ್ಲಿಸಬಹುದೆಂದು ವಿವರಿಸಿದೆ. ಅವನು ಸಲ್ಲಿಸಿದನೋ ಇಲ್ಲವೋ, ನನಗೆ ಬೇರೆಡೆ ವರ್ಗವಾಯಿತು.

ಸಂವಿಧಾನದ 350ನೆಯ ವಿಧಿ ಯಾವುದೇ ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಅದು ನನಗೆ ಗೊತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದರೆ ಹತ್ತಕ್ಕೆ ಹತ್ತು ಅಂಕ ಪಡೆಯುವಂತೆ ಬರೆಯುತ್ತಿದ್ದೆ. ಆ ಕ್ಷಣದಲ್ಲಿ ನನ್ನ ಮೇಜಿನ ಮುಂದೆ ನಿಂತಿದ್ದ ಗೇಣಿದಾರನಂಥ ಮುದುಕ ನನಗೆ ಒಂದು ರಾಜ್ಯವಾಗಿ ಕಂಡನೇ ಹೊರತು ಮನುಷ್ಯನಾಗಿ ಕಾಣಲಿಲ್ಲ. ಅವನು ನನ್ನ ಅಜ್ಜನ ವಾರಿಗೆಯವನು.

ಜಗತ್ತಿನಲ್ಲಿ ಇಂಥ ಜಗಳಗಳನ್ನು ಬಗೆಹರಿಸಿದ ಉದಾಹರಣೆಗಳು ಇಲ್ಲದಿಲ್ಲ. ಮೊದಲ ಮಹಾಯುದ್ಧದ ನಂತರ ಸ್ವೀಡನ್ ಮತ್ತು ಫಿನ್‌ಲೆಂಡ್ ಆಲಂಡ್ ದ್ವೀಪಗಳಿಗಾಗಿ ಕಾದಾಡುವ ಮಟ್ಟಕ್ಕೆ ಬಂದಿದ್ದವು. ದ್ವೀಪದವರು ಸ್ವೀಡಿಷ್ ಮಾತಾಡುವವರು, ಸ್ವೀಡನ್ನನ್ನು ಬಯಸಿದವರು. 1921ರಲ್ಲಿ ರಾಷ್ಟ್ರಸಂಘ ದ್ವೀಪಗಳು ಫಿನ್‌ಲೆಂಡಿನವೆಂದು ತೀರ್ಮಾನಿಸಿತು. ಜೊತೆಗೇ ಅಲ್ಲಿನವರ ಭಾಷೆ, ಶಾಲೆ, ಜಮೀನುಗಳಿಗೆ ಭದ್ರವಾದ ಖಾತರಿ ಕೊಡಿಸಿತು. ಸೋತ ಸ್ವೀಡನ್ ಸುಮ್ಮನಾಯಿತು, ಗೆದ್ದ ಫಿನ್‌ಲೆಂಡ್ ಮಾತು ಉಳಿಸಿಕೊಂಡಿತು. ಗಡಿ ಯಾರದಾಯಿತೆಂಬುದಕ್ಕಿಂತ ಗೆದ್ದವರು ಆಮೇಲೆ ಹೇಗೆ ನಡೆದುಕೊಂಡರೆಂಬುದು ಅಲ್ಲಿ ಮುಖ್ಯವಾಯಿತು.

ಈ ದೃಷ್ಟಿಯಿಂದ ನೋಡಿದರೆ ಕಾರವಾರದಲ್ಲಿ ನಾವು ಅರ್ಧ ಕೆಲಸವನ್ನಷ್ಟೇ ಮಾಡಿದೆವು. ಕೊಂಕಣಿ ಮರಾಠಿಯಲ್ಲ, ಅದೊಂದು ಸ್ವತಂತ್ರ ಭಾಷೆ ಎಂಬುದು ಕಾರವಾರವನ್ನು ಉಳಿಸಿಕೊಳ್ಳಲು ನಮಗೆ ಅನುಕೂಲವಾದ ವಾದ. ಹಾಗಾದರೆ ಆ ಸ್ವತಂತ್ರ ಭಾಷೆಗೆ ನಾವು ಏನು ಕೊಟ್ಟೆವು? ಸಾಹಿತ್ಯ ಅಕಾಡೆಮಿ 1975ರಲ್ಲಿ ಕೊಂಕಣಿಗೆ ಮನ್ನಣೆ ನೀಡಿತು. 1992ರಲ್ಲಿ ಅದು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಕರ್ನಾಟಕದಲ್ಲಿ ಕೊಂಕಣಿ ಸಾಹಿತ್ಯ ಅಕಾಡೆಮಿ ಬಂದದ್ದು 1994ರಲ್ಲಿ. ಅಂದರೆ ಮಹಾಜನ ವರದಿಯ 27 ವರ್ಷಗಳ ಮೇಲೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂಬ 350-ಎ ವಿಧಿ 1956ರಿಂದಲೂ ಇದೆ. ದೇಸಾಯಿಯವರ ಶಾಲೆಗಳೂ ಕೊಂಕಣಿ ಮಕ್ಕಳಿಗೆ ಕನ್ನಡದಲ್ಲೇ ವಿದ್ಯೆ ನೀಡಿದವು. ಅವರನ್ನು ನಾನು ಇದಕ್ಕಾಗಿ ದೂರುತ್ತಿಲ್ಲ. ಅವರ ಮುಂದಿದ್ದ ಆಯ್ಕೆ ಕೊಂಕಣಿ ಶಾಲೆ ಅಥವಾ ಕನ್ನಡ ಶಾಲೆ ಎಂಬುದಾಗಿರಲಿಲ್ಲ, ಶಾಲೆ ಅಥವಾ ಶಾಲೆಯೇ ಇಲ್ಲ ಎಂಬುದಾಗಿತ್ತು. ಆದರೂ ಇದು ಅವರ ಬದುಕಿನ ಲೆಕ್ಕದಲ್ಲಿ ಉಳಿದ ಬಾಕಿ. ಅದನ್ನು ತೀರಿಸಬೇಕಾಗಿದ್ದವರು ಅವರ ನಂತರ ಬಂದ ನಾವು, ಕಚೇರಿಗಳಲ್ಲಿ ಕೂತವರು.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. 1883ರಲ್ಲಿ ಅವರು ತಮ್ಮ ಅಣ್ಣ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು. ಮೂರು ದಶಕ ಕಳೆದ ಮೇಲೆ ರಾಷ್ಟ್ರೀಯತೆಯನ್ನು ಕಟುವಾಗಿ ಪರಿಶೀಲಿಸಿ ಜಗತ್ತಿನ ಸಿಟ್ಟಿಗೆ ಗುರಿಯಾದವರು ಅವರೇ. ಆ ತೀರದಿಂದ ಅಂಕೋಲೆ ಬಹಳ ದೂರವಿಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ಊರಿಗೆ ಹೋಗಿದ್ದೆ. ಕಾಲೇಜಿನ ಗೇಟಿನ ಹೊರಗೆ ಹುಡುಗ ಹುಡುಗಿಯರು ಬಸ್ಸಿಗೆ ಕಾಯುತ್ತಿದ್ದರು. ಒಂದೇ ಗುಂಪಿನಲ್ಲಿ ಕನ್ನಡ, ಕೊಂಕಣಿ, ಮೊಬೈಲಿನಿಂದ ಬರುತ್ತಿದ್ದ ಹಿಂದಿ ಎಲ್ಲವೂ ಕೇಳಿಸುತ್ತಿತ್ತು. ಗೋಖಲೆ ಯಾವ ಊರಿನವರೆಂದು ಒಬ್ಬ ಹುಡುಗನನ್ನು ಕೇಳಿದೆ. ಅವನು ಸ್ವಲ್ಪ ಯೋಚಿಸಿ, ಇಲ್ಲಿಯವರೇ ಇರಬೇಕು ಅಜ್ಜ ಎಂದ.

ನಾನು ತಿದ್ದಲಿಲ್ಲ. ತನ್ನ ದೇಹದ ಬೂದಿ ಭತ್ತದ ಗದ್ದೆಗೂ ಮೀನಿಗೂ ಸಲ್ಲಲಿ ಎಂಬ ಆಶಯದ ಪದ್ಯವೊಂದನ್ನು ದೇಸಾಯಿಯವರು ಬರೆದಿದ್ದಾರೆ; ಕನ್ನಡ ಓದುಗರಿಗೆಲ್ಲ ಗೊತ್ತಿರುವ ಪದ್ಯ. ಬಸ್ಸು ಹತ್ತದೆ ಕೇಣಿಯವರೆಗೆ ನಡೆದುಕೊಂಡೇ ಹೋದೆ. ಗದ್ದೆಗಳಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು. ದಡಕ್ಕೆ ಬಂದ ದೋಣಿಯಿಂದ ಬಂಗಡೆ ಇಳಿಸುತ್ತಿದ್ದವರು ಕೊಂಕಣಿಯಲ್ಲಿ ಎಣಿಸುತ್ತಿದ್ದರು. ಕೊಳ್ಳಲು ಬಂದ ಹೆಂಗಸರು ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದರು.